ಓದುಗರ ಪ್ರಶ್ನೆ: ತಡರಾತ್ರಿಯ ಪಾರ್ಟಿ ಮತ್ತು ಮರಳುವ ದಾರಿ

ಪ್ರಶ್ನೆ: ನಾನು ದಾವಣಗೆರೆಯವನು. ಈ ವರ್ಷ ಇಂಗ್ಲೆಂಡಿನ ಡರಮ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ನಾನು ಕುಡಿಯುವುದಿಲ್ಲವಾದರೂ ಸಹಪಾಠಿಗಳ ಜೊತೆ ಪಬ್ಬಿಗೆ ಹೋಗುವುದುಂಟು. ಕಳೆದ ವಾರ ಗುಂಪಿನಲ್ಲೊಬ್ಬ ಮಿತಿಮೀರಿ ಕುಡಿದು, ಕೂಗಿದರೂ ಸರಿಯಾಗಿ ಕಣ್ಣು ಬಿಡದಂತಾದ. ರೂಮಿಗೆ ತಂದು, ನಿಂಬೆರಸ ಕುಡಿಸಿ, ಮಲಗಿಸಿ, ಬಾಗಿಲೆಳೆದುಕೊಂಡು ಬಂದೆವು. ಬೆಳಿಗ್ಗೆ ಎದ್ದು ಓಡಾಡಿದ. ಆಂಬುಲೆನ್ಸ್ ಕರೆದರೆ ದೊಡ್ಡ ಬಿಲ್ ಬಂದೀತು, ವೀಸಾಕ್ಕೆ ತೊಂದರೆಯಾದೀತು ಎಂದು ಹೆದರಿದ್ದೆವು. ಮಾಡಿದ್ದು ಸರಿಯೇ?
– ಹೆಸರು ಬೇಡ, ಡರಮ್

ಉತ್ತರ: ಸರಿಯಲ್ಲ. ನಿಮ್ಮ ಗೆಳೆಯ ಬೆಳಿಗ್ಗೆ ಎದ್ದದ್ದು ಅವನ ಪುಣ್ಯ. ಮಲಗಿದೊಡನೆ ಅಮಲು ಇಳಿಯತೊಡಗುತ್ತದೆ ಎಂಬುದು ನಮ್ಮಲ್ಲಿ ಬಹಳ ಜನರ ತಿಳಿವಳಿಕೆ. ಆದರೆ ಕೊನೆಯಲ್ಲಿ ಕುಡಿದದ್ದು ಇನ್ನೂ ಹೊಟ್ಟೆಯಲ್ಲೇ ಇದ್ದು, ಮಲಗಿದ ಮೇಲೂ ರಕ್ತಕ್ಕೆ ಸೇರುತ್ತಲೇ ಇರುವುದರಿಂದ ಅವನ ಸ್ಥಿತಿ ನೀವು ಬಾಗಿಲೆಳೆದುಕೊಂಡ ನಂತರ ಬಿಗಡಾಯಿಸಬಹುದಿತ್ತು. ಯಕೃತ್ತು ಗಂಟೆಗೆ ಹೆಚ್ಚುಕಡಿಮೆ 10 ಮಿಲಿಲೀಟರ್ ಶುದ್ಧ ಆಲ್ಕೋಹಾಲನ್ನು ಮಾತ್ರ ಕರಗಿಸಬಲ್ಲದು; ಒಂದು ಪೈಂಟ್ (ಅಲ್ಲಿನ ಅಳತೆಯಲ್ಲಿ ಸುಮಾರು 568 ಮಿಲಿಲೀಟರ್) ಸಾಧಾರಣ ಬಿಯರಿನಲ್ಲಿ ಅದರ ಎರಡರಷ್ಟಕ್ಕಿಂತ ಹೆಚ್ಚೇ ಇರುತ್ತದೆ. ನಿಂಬೆರಸ, ಮಜ್ಜಿಗೆ, ಕಾಫಿ, ತಣ್ಣೀರ ಸ್ನಾನ, ಯಾವುದೂ ಈ ಲೆಕ್ಕವನ್ನು ಬದಲಿಸದು. ಅರೆಪ್ರಜ್ಞೆಯಲ್ಲಿರುವವನಿಗೆ ನುಂಗುವ, ಕೆಮ್ಮುವ ಹಿಡಿತವೇ ಸಡಿಲವಾಗಿರುವಾಗ ಬಾಯಿಗೆ ಏನನ್ನು ಹೊಯ್ದರೂ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಅಂಗಾತ ಮಲಗಿ ವಾಂತಿ ಮಾಡಿಕೊಂಡರಂತೂ ಉಸಿರುಗಟ್ಟುತ್ತದೆ.

ಎಬ್ಬಿಸಿದರೆ ಏಳದಿದ್ದರೆ, ಉಸಿರು ತೀರ ನಿಧಾನವಾಗಿದ್ದರೆ ಅಥವಾ ತಾಳ ತಪ್ಪಿದ್ದರೆ, ಮೈ ತಣ್ಣಗಾಗಿ ತುಟಿ ನೀಲಿಗಟ್ಟಿದರೆ, ಫಿಟ್ಸ್ ಬಂದರೆ ಕೂಡಲೇ ಅಲ್ಲಿನ ತುರ್ತು ಸೇವೆಯ ಸಂಖ್ಯೆ 999ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಅವನನ್ನು ಮಗ್ಗುಲಿಗೆ ಹೊರಳಿಸಿ, ಮೇಲಿನ ಕಾಲನ್ನು ಮಂಡಿಯಲ್ಲಿ ಮಡಚಿ ಮುಂದಕ್ಕಿಡಿ. ಮೇಲಿನ ಕೈಯನ್ನು ಕೆನ್ನೆಯಡಿಗೆ ಸೇರಿಸಿ, ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಬಾಯಲ್ಲಿದ್ದದ್ದು ಹೊರಗೆ ಹರಿದುಹೋಗುವಂತೆ ಮಾಡಿ. ಒಬ್ಬರು ಪಕ್ಕದಲ್ಲಿ ಕುಳಿತು ಉಸಿರನ್ನು ಗಮನಿಸುತ್ತಲೇ ಇರಬೇಕು. ಏನು ಕುಡಿದ, ಎಷ್ಟು ಕುಡಿದ, ಬೇರೇನಾದರೂ ಸೇವಿಸಿದನೇ ಎಂಬುದನ್ನು ಮುಚ್ಚಿಡದೆ ಹೇಳಿ.

ಬಿಲ್ಲಿನ ಭಯಕ್ಕೆ ಆಧಾರವಿಲ್ಲ. ಅಲ್ಲಿ ತುರ್ತು ಆಂಬುಲೆನ್ಸಿಗೂ ತುರ್ತು ವಿಭಾಗದ ಚಿಕಿತ್ಸೆಗೂ ಹಣ ಕೇಳುವುದಿಲ್ಲ. ಒಳರೋಗಿಯಾಗಿ ದಾಖಲಾಗಬೇಕಾಗಿ ಬಂದರೂ, ವೀಸಾ ಪಡೆಯುವಾಗ ವರ್ಷಕ್ಕೆ 776 ಪೌಂಡ್‌ನಂತೆ ಆರೋಗ್ಯ ಶುಲ್ಕವನ್ನು ನೀವು ಮುಂಗಡವಾಗಿ ಕಟ್ಟಿಯೇ ಹೋಗಿರುತ್ತೀರಿ. ಕುಡಿದು ಆಸ್ಪತ್ರೆ ಸೇರುವುದು ವೀಸಾ ಕಳೆದುಕೊಳ್ಳುವಂಥ ಅಪರಾಧವೂ ಅಲ್ಲ.

ನೀವು ಕೇಳದಿದ್ದರೂ ಡರಮ್‌ನ ನದಿಯ ಬಗ್ಗೆ ಹೇಳಲೇಬೇಕು. ಕೆಥೀಡ್ರಲ್ ಇರುವ ಗುಡ್ಡವನ್ನು ವೇರ್ ನದಿ ಮೂರು ಕಡೆಯಿಂದ ಸುತ್ತುವರಿದಿರುವುದರಿಂದ ರಾತ್ರಿ ಮರಳುವ ವಿದ್ಯಾರ್ಥಿಗಳು ಬಹುಪಾಲು ಅದರ ಒಂದಲ್ಲ ಒಂದು ಸೇತುವೆಯನ್ನು ದಾಟುತ್ತಾರೆ. 2013ರ ಅಕ್ಟೋಬರಿನಿಂದ 2015ರ ಜನವರಿಯ ನಡುವೆ ಮೂವರು ವಿದ್ಯಾರ್ಥಿಗಳು ಪಾರ್ಟಿಯ ರಾತ್ರಿಗಳಲ್ಲಿ ಈ ನದಿಗೆ ಬಿದ್ದು ತೀರಿಕೊಂಡರು. ಊರಿನ ತಂದೆತಾಯಿಗಳು ಕಳ್ಳಕಾಕರಿಗೆ ಹೆದರುತ್ತಾರೆ. ನಾನಾದರೆ ಒಬ್ಬನೇ ನಡೆದುಹೋಗುವುದಕ್ಕೆ ಹೆಚ್ಚು ಹೆದರುತ್ತೇನೆ. ಕುಡಿದಾಗ ಮೈ ಬೆಚ್ಚಗಾದಂತೆ ಅನಿಸಿದರೂ ಚರ್ಮದ ರಕ್ತನಾಳಗಳು ಹಿಗ್ಗಿ ದೇಹದ ಶಾಖ ಸೋರಿಹೋಗುತ್ತಿರುತ್ತದೆ, ಮತ್ತು ಕೊರೆಯುವ ನೀರಿಗೆ ಬಿದ್ದ ಮೊದಲ ನಿಮಿಷದಲ್ಲೇ ಒಳ್ಳೆಯ ಈಜುಗಾರನ ಉಸಿರೂ ಕೈ ಮೀರುತ್ತದೆ. ಆದ್ದರಿಂದ ಯಾರು ಯಾರೊಂದಿಗೆ ಮರಳಬೇಕೆಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ, ನದಿದಂಡೆಯ ಕಾಲುದಾರಿಯನ್ನು ಬಿಟ್ಟು ದೀಪವಿರುವ ಬೀದಿಗಳಲ್ಲೇ ನಡೆಯಿರಿ. ಕುಡಿಯದವನ ಹೆಗಲಿಗೇ ಈ ಹೊಣೆಯೆಲ್ಲ ಬೀಳುವುದು ಅನ್ಯಾಯವೆಂದು ಬಲ್ಲೆ. ವಾರಕ್ಕೊಬ್ಬರಂತೆ ಸರದಿ ಹಾಕಿಕೊಳ್ಳುವಂತೆ ಗುಂಪಿಗೆ ಹೇಳಿ ನೋಡಿ.

ಪ್ರಶ್ನೆ: ಮಗಳು ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದಾಳೆ. ಲೋಟದಲ್ಲಿ ಏನಾದರೂ ಬೆರೆಸಿ ಕೊಡುತ್ತಾರಂತೆ ಎಂದು ಕೇಳಿ ನಿದ್ದೆ ಬರುತ್ತಿಲ್ಲ. ಹೊರಗೆ ಹೋದಾಗ ಗಂಟೆಗೊಮ್ಮೆ ಫೋನ್ ಮಾಡು ಎನ್ನಲೇ?
– ಒಬ್ಬ ತಾಯಿ, ಹಾಸನ

ಉತ್ತರ: ಬೇಡ. ಚಳಿಗಾಲದಲ್ಲಿ ಅಲ್ಲಿ ರಾತ್ರಿ ಒಂದಾದಾಗ ನಿಮ್ಮಲ್ಲಿ ಬೆಳಗಿನ ಆರೂವರೆ. ಆಗ ಕರೆ ಬಾರದಿದ್ದರೆ ಹಾಸನದಲ್ಲಿ ಕುಳಿತು ನೀವು ಮಾಡಬಹುದಾದದ್ದು ಏನೂ ಇಲ್ಲ. "ರೂಮು ಸೇರಿದೆ" ಎಂಬ ಸಂದೇಶ ಮೊದಲು ಆಕೆಯ ಜೊತೆಗಾರ್ತಿಗೆ ಹೋಗಲಿ, ನಿಮಗೆ ಬೆಳಗಿನ ಕಾಫಿಯ ಹೊತ್ತಿಗೆ ಬಂದರೆ ಸಾಕು.

ನಿಮ್ಮ ಆತಂಕ ಸುಳ್ಳಲ್ಲ. ಬೆರೆಸುವುದು ಮಾದಕ ವಸ್ತುವೇ ಆಗಬೇಕೆಂದಿಲ್ಲ, ಕೇಳದೆಯೇ ಹೆಚ್ಚುವರಿ ಮದ್ಯ ಸುರಿಯುವುದೂ ಉಂಟು. ಬಿಟ್ಟುಹೋದ ಲೋಟವನ್ನು ಮತ್ತೆ ಮುಟ್ಟಬಾರದು. ಕುಡಿದದ್ದಕ್ಕೆ ಮೀರಿ ತಲೆ ತಿರುಗಿದರೆ ಗೆಳತಿಗೂ ಬಾರಿನ ಸಿಬ್ಬಂದಿಗೂ ಹೇಳಬೇಕು, ಒಬ್ಬಳೇ ಹೊರಗೆ ಹೋಗಬಾರದು. ಹಲವು ಪದಾರ್ಥಗಳ ಸುಳಿವು 12ರಿಂದ 72 ಗಂಟೆಗಳಲ್ಲಿ ದೇಹದಿಂದ ಮರೆಯಾಗುವುದರಿಂದ ಪರೀಕ್ಷೆಗೆ ತಡಮಾಡುವಂತಿಲ್ಲ. ಯಾರಾದರೂ ಬೆನ್ನುಬಿದ್ದರೆ ಕೌಂಟರಿನಲ್ಲಿ "ಏಂಜೆಲಾ ಇದ್ದಾರೆಯೇ" ಎಂದು ಕೇಳಿದರೆ ಸಿಬ್ಬಂದಿ ನೆರವಾಗುವ ಪದ್ಧತಿಯೊಂದು 2016ರಲ್ಲಿ ಲಿಂಕನ್‌ಶೈರಿನಲ್ಲಿ ಆರಂಭವಾಗಿ ಈಗ ಇಂಗ್ಲೆಂಡಿನ ಅನೇಕ ಊರುಗಳಲ್ಲಿದೆ. ಬಾಯಿಬಿಟ್ಟು ಮಾತನಾಡಲಾಗದ ಸ್ಥಿತಿಯಲ್ಲಿ ಮೊಬೈಲಿನಿಂದ 999ಕ್ಕೆ ಕರೆ ಮಾಡಿ, ಸೂಚನೆ ಕೇಳಿಬಂದಾಗ 55 ಒತ್ತಿದರೆ ಕರೆ ಪೊಲೀಸರಿಗೆ ಹೋಗುತ್ತದೆ. ಆದರೆ ಎಲ್ಲಿದ್ದೇವೆಂಬುದು ಅದರಿಂದ ತಾನಾಗಿ ಪೊಲೀಸರಿಗೆ ತಿಳಿಯುವುದಿಲ್ಲವಾದ್ದರಿಂದ ಕರೆಯನ್ನು ಕಡಿಯದೆ, ಅವರು ಕೇಳಿದ್ದಕ್ಕೆ ಕೆಮ್ಮಿಯೋ ಫೋನನ್ನು ತಟ್ಟಿಯೋ ಉತ್ತರಿಸುತ್ತಿರಬೇಕೆಂದು ಮಗಳಿಗೆ ಹೇಳಿರಿ.