ಕೀಲಿನಲ್ಲಿ ಕೂತ ಮರಳು

ಪ್ರಶ್ನೆ: ಕಾಡು, ಹೊಳೆದಂಡೆ ಅಂತ ಎರಡು ಮೂರು ದಿನ ಹೊರಗೆ ಉಳಿಯುತ್ತೇನೆ. ಜೊತೆಗೊಂದು ಸ್ಟೇನ್‌ಲೆಸ್ ಮಡಚುವ ಚಾಕು ಇರುತ್ತದೆ. ಎರಡನೇ ದಿನಕ್ಕೇ ತೆರೆಯುವಾಗ ಕರಕರ ಅನ್ನುತ್ತದೆ. ಅಲ್ಲೇ ಸ್ವಚ್ಛ ಮಾಡುವುದು ಹೇಗೆ? ಅಡುಗೆ ಎಣ್ಣೆ ಬಿಡಬಹುದೇ?

ಉತ್ತರ: ಕರಕರ ಕೇಳಿದ ಕೂಡಲೇ ಚಾಕು ಕೆಳಗಿಡಿ. ಕೀಲಿನಲ್ಲಿ ಮರಳು ಕೂತಿದೆ. ಹಾಗೇ ಬಳಸಿದರೆ ಅರ ಉಜ್ಜಿದ ಹಾಗೆ ಕೀಲು ಸವೆಯುತ್ತದೆ. ನಾವೆಲ್ಲ ಅಲಗನ್ನು ಮಾತ್ರ ಒರೆಸಿ ಮಡಚಿಬಿಡುತ್ತೇವೆ, ಅಲ್ವಾ? ಕೊಳೆ ಜಾಸ್ತಿ ಸೇರುವುದು ಹಿಡಿಯೊಳಗೆ.

ಇದನ್ನು ನಾನು ಬೆರಳು ಕುಯ್ದುಕೊಂಡು ಕಲಿತೆ. ಒಮ್ಮೆ ಒಣ ಕೊಂಬೆ ಸವರುತ್ತಿದ್ದಾಗ ಚಾಕು ತಾನಾಗಿ ಮಡಚಿಕೊಂಡಿತು. ತೋರುಬೆರಳಿನ ಗೆಣ್ಣಿನ ಮೇಲೆ ಆ ಗಾಯದ ಗುರುತು ಇವತ್ತಿಗೂ ಇದೆ. ಆಮೇಲೆ ಹಿಡಿಯೊಳಗೆ ಬೆಳಕು ಬಿಟ್ಟು ನೋಡಿದೆ. ಜೇಬಿನ ನೂಲು, ಮರದ ಅಂಟು ಸೇರಿ ಸಣ್ಣ ಉಂಡೆಯಾಗಿ ಲಾಕ್ ಪಟ್ಟಿಯ (ತೆರೆದ ಅಲಗು ಮಡಚದಂತೆ ತಡೆಯುವ ಪಟ್ಟಿ) ಹಾದಿಯಲ್ಲೇ ಕೂತಿತ್ತು. ಪಟ್ಟಿ ಅಲಗಿನ ಬುಡಕ್ಕೆ ಪೂರ್ತಿ ಒತ್ತಿಕೊಂಡಿರಲಿಲ್ಲ. ಅಂದಿನಿಂದ ಕೆಲಸ ಶುರು ಮಾಡುವ ಮುಂಚೆ ಲಾಕ್ ಕೂತಿದೆಯಾ ಅಂತ ನೋಡದೆ ನಾನು ಚಾಕು ಹಿಡಿಯುವುದಿಲ್ಲ.

ಮರಳಿಗೆ ಮೊದಲು ಬೇಕಾದದ್ದು ಎಣ್ಣೆಯಲ್ಲ, ನೀರು. ಒಂದು ಪಾತ್ರೆಯಲ್ಲಿ ತಿಳಿನೀರು ತೆಗೆದುಕೊಳ್ಳಿ. ಚಾಕುವನ್ನು ಅದರಲ್ಲಿ ಮುಳುಗಿಸಿ ಹತ್ತು ಸಲ ನಿಧಾನವಾಗಿ ತೆರೆದು ಮಡಚಿ. ಬೆಚ್ಚಗಿನ ನೀರಾದರೆ ಇನ್ನೂ ಒಳ್ಳೆಯದು. ಸೋಪು ಹಾಕಿದರೆ ಆ ನೀರನ್ನು ಹೊಳೆಯಿಂದ ಕನಿಷ್ಠ 60 ಮೀಟರ್ ದೂರ ಚೆಲ್ಲಿ, ದಯವಿಟ್ಟು. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಕೀಲಿನ ಎರಡೂ ಬದಿ ಉಜ್ಜಿ. ಹಿಡಿಯ ಸೀಳಿನೊಳಕ್ಕೆ ಚೂಪು ಮಾಡಿದ ಕಡ್ಡಿ ಸಾಕು. ಮರದ ಅಂಟು ಬ್ರಷ್ಷಿಗೆ ಬಗ್ಗುವುದಿಲ್ಲ. ಅದಕ್ಕೆ ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಎರಡು ಹನಿ ಹಾಕಿ ಒರೆಸಿ. ಸ್ಕ್ರೂ ಮಾತ್ರ ಬಿಚ್ಚಬೇಡಿ. ಒಳಗಿನ ವಾಷರ್ ಹುಲ್ಲಿಗೆ ಬಿದ್ದರೆ ಮತ್ತೆ ಸಿಗುವುದಿಲ್ಲ.

ಒರೆಸುವಾಗ ಬಟ್ಟೆ ಅಲಗಿನ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಹೋಗಲಿ. ಆಮೇಲೆ ಚಾಕುವನ್ನು ತೆರೆದೇ ಗಾಳಿಗೆ ಇಡಿ. ಒದ್ದೆಯಾಗಿ ಮಡಚುವುದು ದೊಡ್ಡ ತಪ್ಪು. ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯದು ಅಂತಲ್ಲ. ಅದರಲ್ಲಿ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಇರುವುದರಿಂದ ತುಕ್ಕು ತಡವಾಗುತ್ತದೆ, ಅಷ್ಟೇ. ಸಮುದ್ರದ ನೀರು ಅಥವಾ ಹುಳಿ ಹಣ್ಣಿನ ರಸ ಒಳಗುಳಿದರೆ ಅದಕ್ಕೂ ಚುಕ್ಕೆ ಬೀಳುತ್ತದೆ. ಬೇಗ ಒಣಗಲಿ ಅಂತ ಕೆಂಡದ ಪಕ್ಕ ಇಡಬೇಡಿ. ಜಾಸ್ತಿ ಕಾದರೆ ಉಕ್ಕಿನ ಹದ ಹೋಗುತ್ತದೆ. ಹದ ಹೋದ ಅಲಗು ಎಷ್ಟು ಮಸೆದರೂ ಬೇಗ ಮೊಂಡಾಗುತ್ತದೆ.

ಅಡುಗೆ ಎಣ್ಣೆ ಬೇಡ. ಇವತ್ತು ಜಾರುತ್ತದೆ, ದಿನ ಕಳೆದಂತೆ ಗಾಳಿಗೆ ಅಂಟಾಗಿ ಧೂಳು ಹಿಡಿಯುತ್ತದೆ. ಆಹಾರಕ್ಕೆ ತಾಗಿದರೂ ತೊಂದರೆಯಿಲ್ಲದ ಮಿನರಲ್ ಆಯಿಲ್ ತನ್ನಿ. ತೊಳೆದ ಕಣ್ಣಿನ ಡ್ರಾಪ್ಸ್ ಬಾಟಲಿಯಲ್ಲಿ ನಾನು ಒಯ್ಯುತ್ತೇನೆ. ಕೀಲಿಗೆ ಒಂದೇ ಹನಿ ಸಾಕು. ಎಣ್ಣೆ ಇಲ್ಲದಿದ್ದರೆ ಒಣಗಿಸಿ ಸುಮ್ನೆ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನದು ಮರದ ಹಿಡಿ, ಉಂಗುರ ತಿರುಗಿಸಿ ಲಾಕ್ ಮಾಡುವ ಚಾಕು. ಮಳೆಯಲ್ಲಿ ನೆನೆದ ಮೇಲೆ ಅಲಗು ಹೊರಗೇ ಬರುತ್ತಿಲ್ಲ.

ಉತ್ತರ: ಮರ ನೀರು ಕುಡಿದು ಅಲಗನ್ನು ಕಚ್ಚಿದೆ. ಉಗುರಿನಿಂದ ಎಳೆಯಬೇಡಿ, ಕೈ ಜಾರಿದರೆ ಕುಯ್ಯುತ್ತದೆ. ಉಂಗುರವನ್ನು ಲಾಕ್ ಬಿಡುವ ಸ್ಥಾನಕ್ಕೆ ತಿರುಗಿಸಿ, ಹಿಡಿಯ ಹಿಂತುದಿಯನ್ನು ಗಟ್ಟಿ ಮರದ ದಿಮ್ಮಿಗೆ ಒಮ್ಮೆ ಬಲವಾಗಿ ತಟ್ಟಿ. ಅಲಗಿನ ಮೊನೆ ಹೊರಗೆ ಇಣುಕುತ್ತದೆ. ಬಾಯಿಯ ಕಡೆ ಬೆರಳು ಬಾರದ ಹಾಗೆ ಬೆನ್ನು ಹಿಡಿದು ತೆರೆಯಿರಿ. ಅಲಗು ಒರೆಸಿ, ಚಾಕುವನ್ನು ನೆರಳಲ್ಲಿ ತೆರೆದಿಡಿ. ಬಿಸಿಲಿಗೆ ಮರ ಸೀಳಬಹುದು. ಈ ಚಾಕುವನ್ನು ಮೇಲೆ ಹೇಳಿದ ಹಾಗೆ ನೀರಲ್ಲಿ ಮುಳುಗಿಸಬೇಡಿ. ಒದ್ದೆ ಬಟ್ಟೆ, ಕಡ್ಡಿ, ಒಣ ಬ್ರಷ್ ಇಷ್ಟರಲ್ಲೇ ಮುಗಿಸಿ.