ವೆರೋನಾದಲ್ಲಿ ಒಂದು ದಿನ

ಪ್ರಶ್ನೆ: ಜುಲೈನಲ್ಲಿ ಮಗಳ ಜೊತೆ ಇಟಲಿಗೆ ಹೊರಟಿದ್ದೇವೆ. ವೆರೋನಾಗೆ ಒಂದೇ ದಿನ. ಜೂಲಿಯೆಟ್ ಮನೆ ಬಿಟ್ಟು ಬೇರೇನು ನೋಡಬಹುದು? – ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಜೂಲಿಯೆಟ್ ಬಾಲ್ಕನಿ 20ನೇ ಶತಮಾನದಲ್ಲಿ ಸೇರಿಸಿದ್ದು. ಸುಮ್ನೆ ಕ್ಯೂ ನಿಲ್ಲಬೇಡಿ ಅಂತೀನಿ, ಆದರೆ ಮಗಳು ಕೇಳಬೇಕಲ್ವಾ! ಮೊದಲು ಅರೆನಾಗೆ ಹೋಗಿ. ರೋಮನ್ನರು ಸುಮಾರು 2000 ವರ್ಷದ ಹಿಂದೆ ಕಟ್ಟಿದ ಬಯಲು ರಂಗ. 1913ರಲ್ಲಿ ಶುರುವಾದ ಒಪೆರಾ ಉತ್ಸವ ಈಗಲೂ ಬೇಸಿಗೆಯಲ್ಲಿ ಅಲ್ಲೇ ನಡೆಯುತ್ತದೆ. ಮೆಟ್ಟಿಲಿನ ಟಿಕೆಟ್ ಅಗ್ಗ, ಆದರೆ ಕಲ್ಲು ರಾತ್ರಿ ಒಂಬತ್ತಕ್ಕೂ ಬಿಸಿ. ನಾನು ಟವೆಲ್ ಮಡಚಿ ಹಾಕಿಕೊಂಡು ಕೂತೆ. ಪಕ್ಕದ ಅಜ್ಜಿ ಮನೆಯಿಂದ ದಿಂಬನ್ನೇ ತಂದಿದ್ದರು.

ಪೊಂತೆ ಪಿಯೆತ್ರಾ ಸೇತುವೆಯನ್ನೂ ನೋಡಿ. 1945ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಅದನ್ನು ಸಿಡಿಸಿತ್ತು. ಆಮೇಲೆ ಊರಿನವರು ನದಿಯಿಂದ ಕಲ್ಲು ಹೆಕ್ಕಿ ಮತ್ತೆ ಕಟ್ಟಿದರು. ಬಿಳಿ ಕಲ್ಲಿನ ಕಮಾನುಗಳು ರೋಮನ್ನರವು, ಕೆಂಪು ಇಟ್ಟಿಗೆಯವು ನಂತರದವು.