ಪುಸ್ತಕದಲ್ಲಿ ಹೀಗಿರ್ಲಿಲ್ಲ ಅನ್ನೋರಿಗೆ

ಫ್ಯಾಂಟಸಿ ಕಾದಂಬರಿ ಮತ್ತೆ ಅದರ ಸಿನಿಮಾ ಬಗ್ಗೆ ಏನಾದ್ರೂ ಕೇಳಿ ಅಂದಿದ್ವಿ. ಬಂದಿದ್ರಲ್ಲಿ ಪ್ರಶ್ನೆಗಿಂತ ದೂರುಗಳೇ ಜಾಸ್ತಿ. ಇರ್ಲಿ ಬಿಡಿ, ಪುಸ್ತಕಾನ ಮನಸ್ಸಿಗೆ ಹಚ್ಕೊಂಡೋರಿಗೇ ಅಲ್ವಾ ಅಂಥ ಸಿಟ್ಟು ಬರೋದು. ಐದು ಪ್ರಶ್ನೆ ತಗೊಂಡಿದೀನಿ.

ಪ್ರಶ್ನೆ: ಲಾರ್ಡ್ ಆಫ್ ದಿ ರಿಂಗ್ಸ್ ಎರಡನೇ ಸಿನಿಮಾದಲ್ಲಿ ಫಾರಾಮಿರ್ ಅನ್ನೋ ಸೇನಾನೀನ ಯಾಕೆ ಹಾಗೆ ಕೆಡಿಸಿದ್ರು? ಪುಸ್ತಕದಲ್ಲಿ ಅವನಿಗೆ ಉಂಗುರದ ಆಸೇನೇ ಇಲ್ಲ. ಇದು ಲೇಖಕ ಟೋಲ್ಕಿನ್‌ಗೆ ಮಾಡಿದ ಮೋಸ ಅಲ್ವಾ?

ನಿಮ್ಮ ನೋವು ನಂಗೆ ಪೂರ್ತಿ ಅರ್ಥ ಆಗತ್ತೆ, ಯಾಕಂದ್ರೆ ಇಡೀ ಕಾದಂಬರೀಲಿ ನಂಗೆ ತುಂಬಾ ಇಷ್ಟ ಆಗೋ ಮನುಷ್ಯ ಅವನೇ. ಮನಸ್ಸನ್ನೇ ಕೆಡಿಸೋ ಆ ಮಾಯಾ ಉಂಗುರ ದಾರೀಲಿ ಬಿದ್ದಿದ್ರೂ ನಾನದನ್ನ ಎತ್ಕೊಳ್ಳಲ್ಲ ಅಂತ ಹೇಳಿರ್ತಾನೆ, ಆಮೇಲೆ ಅದನ್ನ ನಾಶ ಮಾಡೋಕೆ ಹೊರಟ ಹಾಬಿಟ್ (ಕುಳ್ಳ ಜನಾಂಗದವನು) ಫ್ರೋಡೋ ಹತ್ರ ಇರೋದು ಅದೇ ಉಂಗುರ ಅಂತ ಗೊತ್ತಾದಾಗ್ಲೂ ಕೊಟ್ಟ ಮಾತಿಗೆ ತಪ್ಪಲ್ಲ, ದಾರಿಗೆ ಬುತ್ತಿ ಕೊಟ್ಟು ಕಳಿಸ್ತಾನೆ. ಸಿನಿಮಾದಲ್ಲಿ ಫ್ರೋಡೋ ಮತ್ತೆ ಅವನ ಜೊತೆಗಾರ ಸ್ಯಾಮ್‌ನ ಕೈದಿಗಳ ಥರ ಆಸ್ಗಿಲಿಯತ್ ಅನ್ನೋ ಪಾಳು ನಗರದವರೆಗೂ ಎಳ್ಕೊಂಡು ಹೋಗ್ತಾನೆ.

ಆದ್ರೆ ನಿರ್ದೇಶಕ ಪೀಟರ್ ಜಾಕ್ಸನ್ ತಂಡಕ್ಕೆ ಇದ್ದ ಕಷ್ಟಾನೂ ನೋಡಿ. ಪುಸ್ತಕದ ಎರಡನೇ ಸಂಪುಟ ಮುಗಿಯೋದು ಶೆಲೊಬ್ ಅನ್ನೋ ದೈತ್ಯ ಜೇಡದ ಭಾಗದಿಂದ. ಸಿನಿಮಾದಲ್ಲಿ ಅದನ್ನ ಮೂರನೇ ಚಿತ್ರಕ್ಕೆ ಸರಿಸಿದ್ರು. ಹಾಗಾಗಿ ಎರಡನೇ ಚಿತ್ರದ ಕೊನೇಲಿ ಅತ್ಲಾಗೆ ದೊಡ್ಡ ಯುದ್ಧ ನಡೀತಿರೋವಾಗ ಫ್ರೋಡೋ, ಸ್ಯಾಮ್‌ಗೆ ಎದುರಿಸೋಕೆ ಏನೂ ಉಳೀಲಿಲ್ಲ. ಇನ್ನೊಂದು, ಉಂಗುರ ಎಂಥವರನ್ನೂ ಕೆಡಿಸತ್ತೆ ಅಂತ ಅಲ್ಲೀವರೆಗೂ ತೋರಿಸ್ಕೊಂಡು ಬಂದು, ಈಗ ಒಬ್ಬ ಬಂದು ನಂಗೆ ಬೇಡ ಅಂದುಬಿಟ್ರೆ ಆ ಉಂಗುರದ ಭಯಾನೇ ಹೊರಟೋಗತ್ತೆ ಅನ್ನೋದು ಅವರ ಯೋಚನೆ. ಕಾದಂಬರೀಲಿ ಫಾರಾಮಿರ್ ಎಂಥವನು ಅಂತ ತಿಳ್ಕೊಳ್ಳೋಕೆ ಗುಹೇಲಿ ಕೂತು ನಿಧಾನವಾಗಿ ಆಡೋ ಮಾತುಗಳಿವೆ, ಅವನ ಅಣ್ಣ ಬೊರೊಮಿರ್‌ಗಿಂತ ಯಾಕೆ ಬೇರೆ ಅಂತ ಪುಟಗಟ್ಟಲೆ ನೋಡ್ತೀವಿ, ಆದ್ರಿಂದ ಅವನು ಬೇಡ ಅಂದಾಗ ನಂಬ್ತೀವಿ. ಸಿನಿಮಾಗೆ ಆ ಬಿಡುವು ಇಲ್ಲ.

ಇಷ್ಟೆಲ್ಲಾ ಒಪ್ಕೊಂಡ ಮೇಲೂ ಬದಲಾವಣೆ ಸೋತಿದೆ ಅಂತಾನೇ ನನ್ನ ಅಭಿಪ್ರಾಯ. ಆಸೆಗೆ ಬಿದ್ದು ಕೊನೇ ಗಳಿಗೇಲಿ ಎಚ್ಚೆತ್ಕೊಳ್ಳೋರು ಆ ಸಿನಿಮಾಗಳಲ್ಲಿ ಬೇರೆಯವರೂ ಇದಾರೆ. ಆಸೇನ ಮೊದ್ಲೇ ಅಳೆದು, ಬೇಡ ಅಂತ ನಿರ್ಧಾರ ಮಾಡಿರೋ ಸಾಮಾನ್ಯ ಮನುಷ್ಯ ಅಂತ ಇದ್ದಿದ್ದು ಇವನೊಬ್ಬ. ಅದು ಹೋಯ್ತು. ಮೋಸ ಅನ್ನಲ್ಲ, ನಷ್ಟ ಅಂತೀನಿ. ಒಂದು ಬದಲಾವಣೆ ನೋಡಿದಾಗ ನಾನು ಕೇಳ್ಕೊಳ್ಳೋದು ಎರಡೇ: ಇದು ಯಾವ ಕಷ್ಟಕ್ಕೆ ಪರಿಹಾರ, ಅದಕ್ಕೆ ಕಥೆ ಏನು ತೆತ್ತಿತು ಅಂತ.

ಅದೇ ಲೆಕ್ಕದಲ್ಲಿ ಕಾದಂಬರಿ ಕೊನೇಲಿ ಬರೋ, ಹಾಬಿಟ್‌ಗಳ ಊರಾದ ಶೈರ್ ಭಾಗ ನೋಡಿ. ಯುದ್ಧ ಗೆದ್ದು ಊರಿಗೆ ಬಂದ್ರೆ ಊರೇ ಹಾಳಾಗಿರತ್ತೆ, ಮರ ಕಡಿದಿರ್ತಾರೆ, ಗೂಂಡಾಗಳ ರಾಜ್ಯ ನಡೀತಿರತ್ತೆ, ಹಾಬಿಟ್‌ಗಳು ಮತ್ತೆ ಹೋರಾಡಬೇಕಾಗತ್ತೆ. ಇದು ಕಥೆಯ ಅತ್ಯಗತ್ಯ ಭಾಗ, ಮೊದಲಿಂದಲೂ ಮನಸ್ಸಲ್ಲಿತ್ತು ಅಂತ ಟೋಲ್ಕಿನ್ ಎರಡನೇ ಆವೃತ್ತಿಯ ಮುನ್ನುಡೀಲೇ ಬರೆದಿದಾರೆ. ಸಿನಿಮಾದಲ್ಲಿ ಅದು ಇಲ್ವೇ ಇಲ್ಲ. ಅದರ ಜಾಗದಲ್ಲಿ ಯುದ್ಧಕ್ಕೆ ಹೋಗಿ ಬಂದ ನಾಲ್ಕು ಹಾಬಿಟ್‌ಗಳು ಊರಿನ ಪಬ್‌ನಲ್ಲಿ ಮಾತಿಲ್ಲದೆ ಕೂತಿರ್ತಾರೆ, ಸುತ್ತ ಯಾರಿಗೂ ಇವರು ಏನು ಮಾಡಿ ಬಂದಿದಾರೆ ಅನ್ನೋದೇ ಗೊತ್ತಿರಲ್ಲ. ಹೋದೋರು ಹೋದ ಹಾಗೇ ವಾಪಸ್ ಬರೋಕಾಗಲ್ಲ ಅನ್ನೋದು ಆ ಚಿಕ್ಕ ದೃಶ್ಯದಲ್ಲಿ ಬಂದಿದೆ. ಯುದ್ಧ ಎಲ್ಲೋ ದೂರದಲ್ಲಿ ಅಲ್ಲ, ನಮ್ಮ ಮನೆ ಬಾಗಿಲಿಗೂ ಬರತ್ತೆ ಅನ್ನೋದು ಬಂದಿಲ್ಲ. ಆದ್ರೂ ಈ ಕಡಿತ ನಾನು ಒಪ್ತೀನಿ, ಉಂಗುರ ಬೆಂಕಿಗೆ ಬಿದ್ದ ಮೇಲೆ ಇನ್ನೊಂದು ಹೋರಾಟಾನ ಥಿಯೇಟರ್‌ನಲ್ಲಿ ಅಷ್ಟು ಹೊತ್ತು ಕೂತೋರು ತಡ್ಕೊಳ್ಳೋದು ಕಷ್ಟ.

ಪ್ರಶ್ನೆ: ಮೊದ್ಲು ಓದ್ಬೇಕಾ, ನೋಡ್ಬೇಕಾ?

ಓದಿ. ಮೊದ್ಲು ನೋಡಿದ್ರೆ ಆಮೇಲೆ ಓದುವಾಗ ಪಾತ್ರಗಳಿಗೆಲ್ಲಾ ನಟರ ಮುಖಾನೇ ಬರತ್ತೆ, ಅದನ್ನ ಅಳಿಸೋದು ಬಹಳ ಕಷ್ಟ. ಆದ್ರೆ ದಪ್ಪ ಪುಸ್ತಕ ನೋಡಿ ಹೆದರಿ ಓದೋದೇ ಬಿಡೋ ಹಾಗಿದ್ರೆ ಸಿನಿಮಾ ನೋಡೇ ಒಳಗೆ ಬನ್ನಿ, ತಪ್ಪೇನಿಲ್ಲ.

ಪ್ರಶ್ನೆ: ಕಾದಂಬರೀಲಿ ಪಾತ್ರದ ಮನಸ್ಸಲ್ಲಿ ಓಡೋದೆಲ್ಲಾ ಬರೆದಿರ್ತಾರೆ. ಸಿನಿಮಾದಲ್ಲಿ ಅದು ಯಾವಾಗ್ಲೂ ಸೋಲತ್ತೆ ಅನ್ಸತ್ತೆ. ನಿಮಗೇನನ್ಸತ್ತೆ?

ಯಾವಾಗ್ಲೂ ಅಲ್ಲ. ಕೆಲವರು ಇದಕ್ಕೆ ಕಂಡ್ಕೊಂಡ ದಾರಿ ನೋಡಿದ್ರೆ ಕೈ ಮುಗೀಬೇಕು ಅನ್ಸತ್ತೆ.

ಡಯಾನಾ ವಿನ್ ಜೋನ್ಸ್ 1986ರಲ್ಲಿ ಬರೆದ ಹೌಲ್ಸ್ ಮೂವಿಂಗ್ ಕ್ಯಾಸಲ್ ತಗೊಳ್ಳಿ. ಸೋಫಿ ಅನ್ನೋ ಹುಡುಗಿ ಶಾಪಕ್ಕೆ ಸಿಕ್ಕಿ ಮುದುಕಿ ಆಗ್ತಾಳೆ. ತನ್ನಿಂದ ಏನೂ ಆಗಲ್ಲ ಅಂತ ಅವಳು ತಾನೇ ನಂಬ್ಕೊಂಡಿರೋದನ್ನ ಪುಸ್ತಕ ಅವಳ ಯೋಚನೆಗಳ ಮೂಲಕಾನೇ ಹೇಳತ್ತೆ. 2004ರ ಚಿತ್ರದಲ್ಲಿ ಹಯಾವೊ ಮಿಯಾಜಾಕಿ ಏನು ಮಾಡಿದ್ರು ಅಂದ್ರೆ ಅವಳ ವಯಸ್ಸನ್ನೇ ದೃಶ್ಯದಿಂದ ದೃಶ್ಯಕ್ಕೆ ಬದಲಾಯಿಸಿದ್ರು. ನಿದ್ದೆ ಹೋದಾಗ ಹುಡುಗಿ, ಮಾಂತ್ರಿಕ ಹೌಲ್ ಪರವಾಗಿ ಧೈರ್ಯವಾಗಿ ವಾದ ಮಾಡುವಾಗ ಸುಕ್ಕು ಮಾಯ ಆಗತ್ತೆ, ತನ್ನ ಮೇಲೆ ಅನುಮಾನ ಬಂದ ತಕ್ಷಣ ಬೆನ್ನು ಮತ್ತೆ ಬಾಗತ್ತೆ. ಯಾರೂ ಬಾಯ್ಬಿಟ್ಟು ವಿವರಿಸಲ್ಲ. ಒಳಗಿನ ಯೋಚನೆ ಪೂರ್ತಿ ಮುಖದ ಮೇಲೆ ಬಂತು, ಇದು ಪುಸ್ತಕದಲ್ಲಿ ಇಲ್ಲದ ಉಪಾಯ ಆದ್ರೂ ಪುಸ್ತಕದ ಸೋಫಿನೇ ಅವಳು. ಅದೇ ಚಿತ್ರದಲ್ಲಿ ಯುದ್ಧದ ಕಥೇನ ಎಷ್ಟು ದೊಡ್ಡದು ಮಾಡಿದಾರೆ ಅಂದ್ರೆ ಕೊನೇ ಭಾಗ ಗೋಜಲಾಗಿದೆ, ಪುಸ್ತಕದಲ್ಲಿ ಹೌಲ್ ವೇಲ್ಸ್‌ನಿಂದ ಬಂದೋನು ಅನ್ನೋ ಸೊಗಸಾದ ವಿಷಯಾನೂ ಕೈಬಿಟ್ಟಿದಾರೆ. ಆದ್ರೂ ಸೋಫಿ ಒಬ್ಬಳಿಗಾಗಿ ನಾನು ಅದನ್ನೆಲ್ಲಾ ಮರೀತೀನಿ.

ಇದರ ಪಕ್ಕದಲ್ಲಿ ಕೊರಲೈನ್ ಇಡಿ. ನೀಲ್ ಗೇಮನ್ ಪುಸ್ತಕ 2002ರದ್ದು, ಹೆನ್ರಿ ಸೆಲಿಕ್ ಚಿತ್ರ 2009ರದ್ದು. ಪುಸ್ತಕದಲ್ಲಿ ಆ ಹುಡುಗಿ ಹೆಚ್ಚು ಹೊತ್ತು ಒಬ್ಬಳೇ, ಸುತ್ತ ದೊಡ್ಡೋರು ಇದಾರೆ ಆದ್ರೆ ಯಾರೂ ಕೇಳಿಸ್ಕೊಳ್ಳಲ್ಲ, ಮಾತಾಡೋಕೆ ಒಂದು ಬೆಕ್ಕು. ತೆರೆ ಮೇಲೆ ಅವಳು ತನ್ನಷ್ಟಕ್ಕೆ ತಾನೇ ಮಾತಾಡ್ಕೊಂಡು ಓಡಾಡೋ ಹಾಗಾಗ್ಬಾರ್ದು ಅಂತ ವೈಬಿ ಅನ್ನೋ ಹುಡುಗನ್ನ ಹೊಸದಾಗಿ ತಂದ್ರು. ಕಾರಣ ಸರಿಯಾಗಿದೆ, ಅವನ ಪಾತ್ರಾನೂ ಮುದ್ದಾಗಿದೆ. ಆದ್ರೆ ಕೊನೇಲಿ ಏನಾಯ್ತು? ಪುಸ್ತಕದಲ್ಲಿ ಹಾಳು ಬಾವಿ ಮೇಲೆ ಬಟ್ಟೆ ಹಾಸಿ, ಗೊಂಬೆಗಳ ಟೀ ಪಾರ್ಟಿ ಅಂತ ನಾಟಕ ಆಡಿ, ತನ್ನ ಹಿಂದೆ ಬಿದ್ದ, ಅಮ್ಮನ ವೇಷದ ಮಾಟಗಾತಿಯ ತುಂಡಾದ ಕೈಯನ್ನ ಅವಳೊಬ್ಬಳೇ ಬುದ್ಧಿ ಉಪಯೋಗಿಸಿ ಬಾವಿಗೆ ಬೀಳಿಸ್ತಾಳೆ. ಸಿನಿಮಾದಲ್ಲಿ ವೈಬಿ ಬಂದು ಕಾಪಾಡ್ತಾನೆ. ಹೆದರಿಕೆ ಇದ್ರೂ ಮಾಡೋದೇ ಧೈರ್ಯ ಅಂತ ಅವಳೇ ಹೇಳಿರೋ ಕಥೇಲಿ ಕೊನೇ ಧೈರ್ಯಾನ ಬೇರೆಯವನ ಕೈಗೆ ಕೊಟ್ಟಿದ್ದು ನಂಗೆ ಇವತ್ತಿಗೂ ಬೇಜಾರು. ಮಾತಿಗೆ ಜೊತೆ ಬೇಕಿತ್ತು ಸರಿ, ಬಾವಿ ಹತ್ರ ಅವನು ಬರ್ಬೇಕಿರ್ಲಿಲ್ಲ.

ಪ್ರಶ್ನೆ: ಹ್ಯಾರಿ ಪಾಟರ್‌ನಲ್ಲಿ ಪುಸ್ತಕ ದಪ್ಪ ಆದಷ್ಟೂ ಸಿನಿಮಾ ಕೆಟ್ಟಿತು. ಇಂಥವನ್ನೆಲ್ಲಾ ಸಿನಿಮಾ ಬದ್ಲು ಸೀರೀಸ್ ಮಾಡೋದೇ ಸರಿ ಅಲ್ವಾ?

ಸಮಯ ಸಾಲದೆ ಪೆಟ್ಟು ಬಿದ್ದಿರೋದು ನಿಜ. ಐದನೇ ಪುಸ್ತಕ ಸರಣಿಯಲ್ಲೇ ದಪ್ಪ, ಆದ್ರೆ ಅದರ ಚಿತ್ರ 138 ನಿಮಿಷ, ಅಲ್ಲೀವರೆಗೆ ಬಂದಿದ್ದ ಐದರಲ್ಲಿ ಅದೇ ಚಿಕ್ಕದು. ಇನ್ನೊಂದು ಇಕ್ಕಟ್ಟು ಅಂದ್ರೆ ಆ ಚಿತ್ರ ತಯಾರಾಗ್ತಿದ್ದಾಗ ಏಳನೇ ಪುಸ್ತಕ ಇನ್ನೂ ಬಂದೇ ಇರ್ಲಿಲ್ಲ. ಮನೆಯಾಳು ಕ್ರೀಚರ್‌ನ ಕಥೆಯಿಂದ ತೆಗೆಯೋಕೆ ಹೊರಟಾಗ, ಅವನು ಮುಂದೆ ಬೇಕಾಗ್ತಾನೆ, ತೆಗೀಬೇಡಿ ಅಂತ ರೌಲಿಂಗ್ ಅವರೇ ಹೇಳ್ಬೇಕಾಯ್ತು.

ಆರನೇದರಲ್ಲಿ ಮಾತ್ರ ಸಮಯದ ನೆಪ ನಾನು ಒಪ್ಪಲ್ಲ. ಖಳನಾಯಕ ವೋಲ್ಡೆಮಾರ್ಟ್ ಹುಟ್ಟು, ಅವನ ತಾಯಿಯ ದುರಂತ, ಅವನು ಕದ್ದ ವಸ್ತುಗಳು, ಇದನ್ನೆಲ್ಲಾ ನೆನಪುಗಳ ಮೂಲಕ ತೋರ್ಸೋದೇ ಆ ಪುಸ್ತಕದ ಬೆನ್ನೆಲುಬು. ಅದರಲ್ಲಿ ಹೆಚ್ಚಿನದನ್ನ ತೆಗೆದು, ಪುಸ್ತಕದಲ್ಲಿ ಇಲ್ಲದ ಮನೆ ಸುಡೋ ದೃಶ್ಯ ಹಾಕಿದ್ರು. ಅದಕ್ಕೇ ಮುಂದಿನ ಚಿತ್ರಗಳಲ್ಲಿ ಅವನು ಕದ್ದ ಆ ಉಂಗುರ, ಲಾಕೆಟ್, ಬಟ್ಟಲು ಯಾಕೆ ಮುಖ್ಯ ಅಂತ ಪುಸ್ತಕ ಓದ್ದೇ ಇರೋರಿಗೆ ಗೊತ್ತೇ ಆಗಲ್ಲ.

ಹಾಗಂತ ಸಮಯ ಕೊಟ್ಟುಬಿಟ್ರೆ ಎಲ್ಲಾ ಸರಿ ಹೋಗಲ್ಲ. ದಿ ಹಾಬಿಟ್ 1937ರಲ್ಲಿ ಮಕ್ಕಳಿಗೆ ಅಂತ ಬಂದ ಒಂದೇ ಪುಸ್ತಕ, ಅದನ್ನ 2012ರಿಂದ 2014ರವರೆಗೆ ಮೂರು ಸಿನಿಮಾ ಮಾಡಿದ್ರು, ಜಾಗ ತುಂಬ್ಸೋಕೆ ಪುಸ್ತಕದಲ್ಲಿ ಇಲ್ಲದ ಲೆಗೊಲಾಸ್ ಬಂದ, ಟೌರಿಯಲ್ ಅಂತ ಹೊಸ ಪಾತ್ರ ಬಂತು, ಪ್ರೇಮಕಥೆ ಬಂತು, ಬಿಲ್ಬೋ ತನ್ನ ಕಥೇಲೇ ಮೂಲೆ ಸೇರಿದ. ಸೀರೀಸ್ ಮಾಡೋರೂ ಇದನ್ನ ಒಂದ್ಸಲ ನೋಡ್ಬೇಕು.

ಪ್ರಶ್ನೆ: ನೆವರ್ ಎಂಡಿಂಗ್ ಸ್ಟೋರಿ ಸಿನಿಮಾ ಅಂದ್ರೆ ನನ್ನ ಹತ್ತು ವರ್ಷದ ಮಗಳಿಗೆ ಪ್ರಾಣ. ಕಥೆ ಗೊತ್ತಾಗಿದೆಯಲ್ಲ, ಪುಸ್ತಕ ಓದಿಸ್ಬೇಕಾ?

ಖಂಡಿತ ಓದಿಸಿ, ಯಾಕಂದ್ರೆ ಅವಳಿಗೆ ಗೊತ್ತಾಗಿರೋದು ಹೆಚ್ಚುಕಮ್ಮಿ ಅರ್ಧ ಕಥೆ. ಮೈಕೆಲ್ ಎಂಡೆ ಪುಸ್ತಕ 1979ರದ್ದು. 1984ರ ಚಿತ್ರ, ಆ ಕಥೆ ಓದ್ತಿರೋ ಹುಡುಗ ಬಾಸ್ಟಿಯನ್ ಕಥೆಯೊಳಗಿನ ಲೋಕದ ರಾಣಿಗೆ ಹೊಸ ಹೆಸರು ಕೂಗೋ ಹತ್ರ ಹತ್ರಕ್ಕೆ ಮುಗಿದುಹೋಗತ್ತೆ, ಆಮೇಲೆ ಡ್ರ್ಯಾಗನ್ ಮೇಲೆ ಕೂತು ತನ್ನನ್ನ ಕಾಡಿದ ಹುಡುಗರನ್ನ ಅಟ್ಟಿಸ್ಕೊಂಡು ಹೋಗ್ತಾನೆ, ಮಕ್ಕಳು ಚಪ್ಪಾಳೆ ಹೊಡೀತಾರೆ. ಪುಸ್ತಕದಲ್ಲಿ ಅಲ್ಲಿಂದಾನೇ ಕಷ್ಟ ಶುರು. ಕೇಳಿದ್ದೆಲ್ಲಾ ಸಿಗತ್ತೆ, ಆದ್ರೆ ಒಂದೊಂದು ಆಸೆ ಈಡೇರಿದಾಗ್ಲೂ ತನ್ನ ಹಳೇ ಬದುಕಿನ ಒಂದೊಂದು ನೆನಪು ಹೋಗತ್ತೆ. ಚೆಲುವ ಆಗ್ತಾನೆ, ಬಲಶಾಲಿ ಆಗ್ತಾನೆ, ತಾನೇ ಚಕ್ರವರ್ತಿ ಆಗ್ಬೇಕು ಅಂತ ಹೊರಡ್ತಾನೆ, ಪ್ರಾಣಸ್ನೇಹಿತ ಅಟ್ರೇಯು ಮೇಲೇ ಕತ್ತಿ ಎತ್ತುತಾನೆ. ಆಸೆ ಈಡೇರೋದಕ್ಕೆ ತೆರ್ಬೇಕಾದ ಬೆಲೆ ಬಗ್ಗೆ ಬರೆದ ಪುಸ್ತಕಾನ, ಆಸೆ ಈಡೇರಿದ ಖುಷೀಲೇ ಮುಗಿಸಿದ್ರು. ಎಂಡೆ ಆ ಚಿತ್ರಾನ ಬಹಿರಂಗವಾಗೇ ವಿರೋಧಿಸಿದ್ರು, ಕೋರ್ಟಿಗೂ ಹೋದ್ರು, ಗೆಲ್ಲಲಿಲ್ಲ. ಅವರ ಸಿಟ್ಟು ನೂರಕ್ಕೆ ನೂರು ನ್ಯಾಯ ಅಂತೀನಿ.

ಮಗಳಿಗೆ ಸಿನಿಮಾ ಬಗ್ಗೆ ಕೆಟ್ಟದಾಗಿ ಏನೂ ಹೇಳ್ಬೇಡಿ, ಕಥೆ ಇನ್ನೂ ಮುಂದಕ್ಕಿದೆ ಅಂತಷ್ಟೇ ಹೇಳಿ ಕೈಗೆ ಕೊಡಿ. ಮೊದಲರ್ಧ ಅವಳಿಗೆ ಗೊತ್ತಿರೋ ದಾರಿ, ಸರಾಗವಾಗಿ ಓದ್ತಾಳೆ. ಎರಡನೇ ಅರ್ಧದಲ್ಲಿ ಬಾಸ್ಟಿಯನ್ ಮೇಲೆ ಸಿಟ್ಟು ಬಂದು ಪುಸ್ತಕ ಬದಿಗಿಟ್ರೂ ಇಡಬಹುದು, ಆಗ ನೀವೂ ಪಕ್ಕ ಕೂತು ಒಂದೆರಡು ಅಧ್ಯಾಯ ಜೋರಾಗಿ ಓದಿ ಹೇಳಿ. ಓದಿ ಮುಗಿಸಿದ ಮೇಲೆ ಅವಳಿಗೇನನ್ನಿಸ್ತು ಅಂತ ಅವಳ ಕೈಲೇ ನಮಗೆ ಬರೆಸಿ ಕಳಿಸಿ.